ಮನೆಯಳಿಯನ ಎಡಗಾಲು

ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಹೊಲಿಸೋಣವೆಂದು ಬಸ್ ನಿಲ್ದಾಣದ ಎದುರು, ಹುಣಸೆಮರದ ಕೆಳಗೆ, ಒಂದು ಕಲ್ಲಿನ ಮೇಲೆ ಕುಳಿತಿದ್ದೆ. ಹೊಲಿಯುವಾತ ಪಕ್ಕದ ತಗಡಿನ ಡಬ್ಬಿಯಲ್ಲಿ ಬೆರಳದ್ದಿ, ಒಣಗಿ ಸೆಟೆದುಕೊಂಡಿದ್ದ ತೊಗಲಿನ ತುಂಡೊಂದಕ್ಕೆ ಹರಳೆಣ್ಣೆ ಸವರಿದ. ಹರಳೆಣ್ಣೆಯೂ ತೊಗಲೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಾನು ತಟ್ಟನೆ ಎದ್ದು ನಿಂತೆ.

"ಯಾಕ್ ಸ್ವಾಮಿ, ನಾತ ತಡೀಲಿಲ್ವಾ?" ಎಂದ ಆತ.

"ನಾತವಲ್ಲಪ್ಪ, ಇದು ಫುಟ್ಬಾಲ್" ಎಂದೆ.

ಆತ ನನ್ನ ಬಿಳಿ ತಲೆ ನೋಡಿದ, ಹರಿದ ಚಪ್ಪಲಿ ನೋಡಿದ, ದಾರಕ್ಕೆ ಮೇಣ ತಿಕ್ಕತೊಡಗಿದ. ಹೊಲಿಗೆ ಮುಗಿಯುವ ತನಕ ನೀವೂ ನನ್ನ ಜೊತೆ ಕುಳಿತುಕೊಳ್ಳಿ. ಈ ಕಥೆಯನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಒಂದೊಂದು ಸಲ ಹೇಳಿದಾಗಲೂ ಅದು ಇನ್ನಷ್ಟು ಗುಂಡಗಾಗಿದೆ. ಪಂಪು ಹಿಡಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದಿದ್ದರೆ ಚೆಂಡು ಹೇಗಾಗುತ್ತದೋ ಹಾಗೆ. ಈವತ್ತು ಸ್ವಲ್ಪ ಗಾಳಿ ಬಿಟ್ಟು ನೋಡುವ ಮನಸ್ಸಾಗಿದೆ.

ಯುದ್ಧದ ಕಾಲ. ಮುಳಬಾಗಿಲಿನಲ್ಲಿ ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ನಮ್ಮ ಊರಿನ ಫುಟ್ಬಾಲ್ ಸಂಘದ ಕಾರ್ಯದರ್ಶಿ ಕೂಡ. ಕಾರ್ಯದರ್ಶಿಯೆಂದರೆ ಚೆಂಡು ನಮ್ಮ ಮನೆಯ ಗೂಟಕ್ಕೆ ನೇತಾಡುತ್ತಿತ್ತು ಎಂದಷ್ಟೇ ಅರ್ಥ. ಆಡಲು ನನಗೆ ಬರುತ್ತಿರಲಿಲ್ಲ. ಒಮ್ಮೆ ಒದೆಯಲು ಹೋದಾಗ ಚೆಂಡಿಗಿಂತ ನನ್ನ ಚಪ್ಪಲಿಯೇ ದೂರ ಹೋಗಿ ಬಿದ್ದಿತ್ತು. ಆದರೆ ಅಭಿಪ್ರಾಯಗಳಿಗೇನೂ ಕೊರತೆಯಿರಲಿಲ್ಲ. ಸಂಜೆ ಹೋಟೆಲಿನ ಬೆಂಚಿನ ಮೇಲೆ ಕೂತು ಹನ್ನೊಂದು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದೆ. ಗೋಲು ಕಾಯುವ ಖಾದರ್ ಸಾಬರಿಗೆ ಹೊಟ್ಟೆ ಬಂದಿದೆ, ಬಗ್ಗಲಾರರು. ನಡುವೆ ಆಡುವ ಅಣ್ಣಯ್ಯ ಮೈಲಿಗಲ್ಲು. ಚೆಂಡು ತಾನಾಗಿ ಬಂದು ತಗಲಿದರೆ ಉಂಟು, ಇಲ್ಲವಾದರೆ ಇಲ್ಲ. ಎಡಗಡೆಯ ಅಂಚಿನಲ್ಲಿ ಓಡುವ ಮುನಿಸ್ವಾಮಿಯ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಮೆತ್ತಗಾಗುತ್ತಿತ್ತು. ಬರಿಗಾಲಿನಲ್ಲಿ ಅವನು ಒದ್ದರೆ, ಖಾದರ್ ಸಾಬರು ತಮ್ಮ ಸೈಕಲ್ ಅಂಗಡಿಯಲ್ಲಿ ಹತ್ತು ತೇಪೆ ಹಾಕಿದ್ದ ಆ ಸೊಟ್ಟ ಚೆಂಡು ಕೂಡ ಹೇಳಿದಲ್ಲಿಗೆ ಹೋಗುತ್ತಿತ್ತು. ಅವನೂ ನಾನೂ ಒಂದೇ ಬೀದಿಯವರು, ಒಂದೇ ವಯಸ್ಸಿನವರು. ಪಂದ್ಯದ ಹಿಂದಿನ ದಿನ ನಮ್ಮ ಜಗಲಿಗೆ ಬಂದು, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕುವುದು ಅವನ ಪದ್ಧತಿ.

ಅಂಥ ಮುನಿಸ್ವಾಮಿಯನ್ನು ಶ್ರೀನಿವಾಸಪುರದವರು ಹೊಡೆದುಕೊಂಡು ಹೋದರು. ಹೇಗೆಂದರೆ, ಮದುವೆ ಮಾಡಿ.

ಶ್ರೀನಿವಾಸಪುರದ ತಂಡಕ್ಕೆ ಬೆನ್ನೆಲುಬಾಗಿದ್ದವರು ಚಿನ್ನಪ್ಪರೆಡ್ಡಿ. ಗೌನಿಪಲ್ಲಿಯ ಕಡೆ ಮಾವಿನ ತೋಪುಗಳು, ಮನೆಯಲ್ಲಿ ಒಬ್ಬಳೇ ಮಗಳು. ದೂರದ ನೆಂಟಸ್ತಿಕೆ ಹೇಳಿಕೊಂಡು ಬಂದು, ಮುನಿಸ್ವಾಮಿಯನ್ನು ಮನೆಯಳಿಯನನ್ನಾಗಿ ಮಾಡಿಕೊಳ್ಳುತ್ತೇವೆ ಎಂದರು. ವೈಶಾಖದಲ್ಲಿ ಮದುವೆ. ನಮ್ಮ ಎಡ ಅಂಚು ಬಾಸಿಂಗ ಕಟ್ಟಿಕೊಂಡು ಮಾವನ ಮನೆ ಸೇರಿತು. ಗಂಡು ನೋಡಲು ಬಂದ ದಿನ ರೆಡ್ಡಿಯವರು ಹುಡುಗನ ಮುಖ ನೋಡುವ ಮೊದಲು ಕಾಲು ನೋಡಿದರು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಮದುವೆಗೂ ಹೋಗಲಿಲ್ಲ.

ಆ ಕಾಲಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರುಗಳ ನಡುವೆ ಒಂದು ಕಪ್ಪಿಗಾಗಿ ಪಂದ್ಯ ನಡೆಯುತ್ತಿತ್ತು. ಮೂರು ವರ್ಷ ಒಂದೇ ಸಮ ಗೆದ್ದ ಊರಿಗೆ ಕಪ್ಪು ಖಾಯಂ. ಶ್ರೀನಿವಾಸಪುರದವರು ಎರಡು ವರ್ಷ ಗೆದ್ದಾಗಿತ್ತು. ಈ ಸಲವೂ ಗೆದ್ದರೆ ಅದು ರೆಡ್ಡಿಯವರ ಪಡಸಾಲೆಯಿಂದ ಮತ್ತೆ ಹೊರಗೆ ಬರುವಂತಿರಲಿಲ್ಲ. ಮಾಲೂರಿನವರ ಮೇಲೆ ಅವರು ಗೆದ್ದರು. ಎರಡೂ ಗೋಲು ಮುನಿಸ್ವಾಮಿಯವೇ. ನಾವು ಕೋಲಾರದವರನ್ನು ಹೇಗೋ ದಾಟಿದೆವು. ಕೊನೆಯ ಪಂದ್ಯ ಅವರಿಗೂ ನಮಗೂ.

ಇಲ್ಲಿ ಒಂದು ನಿಯಮದ ವಿಷಯ ಹೇಳಬೇಕು. ಹಿಂದಿನ ವರ್ಷ ನಾವು ಚಿನ್ನದ ಗಣಿಯ ಕಡೆಯ ಗಟ್ಟಿ ಆಳೊಬ್ಬನನ್ನು ಕರೆತಂದು ಆಡಿಸಿದ್ದೆವು. ರೆಡ್ಡಿಯವರು ಕಿಡಿಕಿಡಿಯಾಗಿ, ಸಮಿತಿಯ ಮುಂದೆ ಕೂತು ಹೊಸ ನಿಯಮ ಬರೆಸಿದರು: ಪಂದ್ಯಕ್ಕೆ ಮೊದಲು ಹದಿನೈದು ದಿವಸ ಯಾವ ಊರಿನ ಒಲೆಯ ಊಟ ಉಂಡಿರುತ್ತಾನೋ, ಆಟಗಾರ ಆ ಊರಿನವನು. ಮುನಿಸ್ವಾಮಿ ಅವರವನಾದದ್ದು ಈ ನಿಯಮದಿಂದಲೇ.

ಕೊನೆಯ ಪಂದ್ಯ ಜ್ಯೇಷ್ಠದ ಕಡೆಯ ವಾರಕ್ಕೆ ಗೊತ್ತಾಗಿತ್ತು. ರೆಡ್ಡಿಯವರು ಹೇಳಿಕಳಿಸಿದರು: ಮರದಿಂದ ಕಾಯಿ ಇಳಿಸುವ ಹೊತ್ತು, ನಮ್ಮ ಆಳು, ಗಾಡಿ ಎಲ್ಲ ತೋಪಿನಲ್ಲಿವೆ, ಮೂರು ವಾರ ಮುಂದೆ ಹಾಕಿ. ಸಮಿತಿ ಒಪ್ಪಿತು. ಮಾವಿನ ಲೆಕ್ಕದಲ್ಲಿ ಮುಳುಗಿದ್ದ ಅವರು ಪಂಚಾಂಗ ನೋಡಲಿಲ್ಲ.

ಮೂರು ವಾರ ಮುಂದೆ ಎಂದರೆ ಆಷಾಢ.

ಹೊಸದಾಗಿ ಮದುವೆಯಾದವರ ಮೊದಲ ಆಷಾಢದಲ್ಲಿ ಅತ್ತೆಯೂ ಅಳಿಯನೂ ಒಂದೇ ಹೊಸ್ತಿಲು ದಾಟಬಾರದೆಂದು ನಮ್ಮ ಸೀಮೆಯಲ್ಲಿ ಕಟ್ಟುನಿಟ್ಟು. ಬೇರೆ ಅಳಿಯಂದಿರಿಗೆ ಇದು ಕಷ್ಟವಲ್ಲ; ಅತ್ತೆಯ ಮನೆಗೆ ಒಂದು ತಿಂಗಳು ಹೋಗದಿದ್ದರಾಯಿತು. ಮನೆಯಳಿಯನಿಗೆ ಅತ್ತೆಯ ಹೊಸ್ತಿಲೇ ಹೊಸ್ತಿಲು. ಆಷಾಢ ಹುಟ್ಟಿದ ದಿನ ಬೆಳಿಗ್ಗೆ ಅತ್ತೆ ಅಕ್ಕಯ್ಯಮ್ಮನವರು ಅಳಿಯನ ಬಟ್ಟೆಯನ್ನು ಗಂಟು ಕಟ್ಟಿ ಜಗಲಿಯ ಮೇಲಿಟ್ಟರಂತೆ. ರೆಡ್ಡಿಯವರಿಗೆ ಆಗ ಹೊಳೆಯಿತು. ತೋಪಿನ ಗುಡಿಸಲಲ್ಲಿರಲಿ, ಅನ್ನ ಅಲ್ಲಿಗೇ ಕಳಿಸೋಣ ಎಂದರು. ಅದಕ್ಕೆ ಅಕ್ಕಯ್ಯಮ್ಮನವರು ಕೊಟ್ಟ ಉತ್ತರವನ್ನು ಮುನಿಸ್ವಾಮಿ ಆಮೇಲಾಮೇಲೆ ನಮಗೆ ಅಭಿನಯಿಸಿ ತೋರಿಸುತ್ತಿದ್ದ: "ನನ್ನ ಕೈ ಅನ್ನ ಹೊಸ್ತಿಲು ದಾಟಿದ್ರೆ ನಾನು ದಾಟಿದ ಹಾಗಲ್ವಾ? ಕಪ್ಪು ಬಂದ್ರೆ ಗೂಡಲ್ಲಿಡ್ತೀರಿ. ನನ್ನ ಮಗಳಿಗೆ ಏನಾದ್ರೂ ಆದ್ರೆ ಎಲ್ಲಿಡ್ತೀರಿ?"

ಆವತ್ತು ಮಧ್ಯಾಹ್ನ ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ಕೆಮ್ಮುತ್ತಾ ಬಂದು ನಿಂತಿತು. ಅದರಿಂದ ಮುನಿಸ್ವಾಮಿ ಇಳಿದ, ಕಂಕುಳಲ್ಲಿ ಗಂಟು, ತಲೆಯ ಮೇಲೆ ಮಾವಿನಹಣ್ಣಿನ ಬುಟ್ಟಿ. ಅವನ ತಾಯಿ ಪಾಪಮ್ಮ ಬೀದಿಯ ತುದಿಯ ತನಕ ಬಂದು ಕರೆದುಕೊಂಡು ಹೋದಳು. ಖಾದರ್ ಸಾಬರು ಸೈಕಲ್ಲಿನ ಚಕ್ರ ಕೈಯಲ್ಲಿ ಹಿಡಿದುಕೊಂಡೇ ನನ್ನ ಮನೆಗೆ ಓಡಿಬಂದರು.

"ಅರೆ ಮೇಷ್ಟ್ರೇ, ಎಣಿಸಿ! ಈವತ್ತಿಂದ ಪಂದ್ಯಕ್ಕೆ ಎಷ್ಟು ದಿನ?"

"ಇಪ್ಪತ್ತು."

"ಹದಿನೈದು ಸಾಕಲ್ಲ! ರೆಡ್ಡಿ ಸಾಹೇಬ್ರು ತಾವೇ ಬರೆಸಿದ ಕಾನೂನು!"

ಇಲ್ಲಿಂದ ಮುಂದೆ ನನ್ನ ಕಥೆಯಲ್ಲಿ ನಾನು ಬಹಳ ಚೆನ್ನಾಗಿ ಕಾಣಿಸುತ್ತೇನೆ. ಆಷಾಢದ ಉಪಾಯ ನನಗೇ ಹೊಳೆದದ್ದೆಂದು ಹೇಳಿಕೊಂಡು ಎಷ್ಟೋ ವರ್ಷ ಬದುಕಿದ್ದೇನೆ. ಸ್ವಲ್ಪ ತಡೆಯಿರಿ, ಆ ಮಾತಿಗೆ ಬರುತ್ತೇನೆ. ಮೊದಲು ಪಂದ್ಯ ಆಡಿಬಿಡೋಣ. ಅದನ್ನು ಮುಂದಕ್ಕೆ ಹಾಕುವ ಶಕ್ತಿ ನನಗಿಲ್ಲ.

ಕೋಲಾರದ ಮೈದಾನ. ಆಷಾಢದ ಗಾಳಿ ಪಂಚೆಗಳನ್ನು ಕೊಡೆಯ ಹಾಗೆ ಬಿಚ್ಚಿಹಾಕುತ್ತಿತ್ತು. ಸುಗಟೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಗಾಡಿಗಳ ಮೇಲೆಯೇ ನಿಂತಿದ್ದರು. ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರು ನಮ್ಮ ಹನ್ನೊಂದು ಹೆಸರು ಓದಿದ್ದೇ ತಡ, ರೆಡ್ಡಿಯವರು ಎದ್ದರು.

"ಏಮಿ ಅನ್ಯಾಯ ಸ್ವಾಮಿ ಇದು! ಹೋದ ತಿಂಗಳು ನಮ್ಮ ಕಡೆ ಆಡಿ ಎರಡು ಗೋಲು ಹಾಕಿದೋನು ಈ ತಿಂಗಳು ಅವರಿಗೆ ಆಡ್ತಾನಾ?"

"ನಿಯಮ ನಿಮ್ಮದೇ" ಎಂದರು ಅಧ್ಯಕ್ಷರು. "ಸಾಕ್ಷಿ ಯಾರು?"

ಗಾಡಿಯಿಂದ ಪಾಪಮ್ಮ ಇಳಿದು ಬಂದಳು. ಮೈದಾನದ ಗೆರೆ ದಾಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಆಷಾಢ ಹುಟ್ಟಿದಾಗಿಂದ ನನ್ನ ಕೈ ಮುದ್ದೆ ಉಂಡವ್ನೆ ಬುದ್ಧಿ. ಹೊತ್ತಿಗೆ ಎರಡು. ನಂಬಿಕೆ ಇಲ್ದಿದ್ರೆ ಬಂದು ನನ್ನ ರಾಗಿ ವಾಡೆ ಬಗ್ಗಿ ನೋಡ್ರಿ, ತಳ ಕಾಣ್ತದೆ."

"ನಾನು ವಾರ ವಾರ ಹಣ್ಣಿನ ಬುಟ್ಟಿ ಕಳಿಸಿಲ್ವಾ?" ಎಂದರು ರೆಡ್ಡಿಯವರು. "ನಮ್ಮ ತೋಪಿನ ಹಣ್ಣು ತಿಂದಿಲ್ವೇನಯ್ಯ ಅಲ್ಲುಡೂ?" ಎಂದು ಅಳಿಯನ ಕಡೆ ತಿರುಗಿದರು.

ಮುನಿಸ್ವಾಮಿ ತಲೆ ತಗ್ಗಿಸಿ, "ತಿಂದೆ ಮಾವಯ್ಯ" ಎಂದ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ರೆಡ್ಡಿಯವರೇ, ಏಕಾದಶಿ ದಿವಸ ಹಣ್ಣು ತಿಂದರೆ ಉಪವಾಸ ಕೆಡುತ್ತದೆಯೇ?"

"ಇಲ್ಲ."

"ಹಾಗಾದರೆ ಹಣ್ಣು ಊಟವಲ್ಲ. ಆಟ ಶುರುವಾಗಲಿ."

ಎಂಥ ತೀರ್ಪು! ಪಾಪಮ್ಮ ಮಗನ ಬೆನ್ನಿನ ಮೇಲೊಂದು ಗುದ್ದಿ, "ಹೋಗ್ಲಾ, ಉಂಡ ಮುದ್ದೆ ತೋರ್ಸು" ಎಂದಳು.

ಮೊದಲ ಗೋಲು ಅವರದು. ಖಾದರ್ ಸಾಬರು ಬಗ್ಗಲಿಲ್ಲ; ಹೊಟ್ಟೆಯ ವಿಷಯದಲ್ಲಾದರೂ ನನ್ನ ಅಭಿಪ್ರಾಯ ಸರಿಯಾಗಿತ್ತು. ಆಮೇಲೆ ನಮ್ಮ ಮೈಲಿಗಲ್ಲು ಅಣ್ಣಯ್ಯ ಎಲ್ಲಿಂದಲೋ ಎದ್ದು ತಲೆ ಕೊಟ್ಟು ಸಮ ಮಾಡಿದ. ಅದನ್ನು ನಾನು ನೋಡಲಿಲ್ಲ, ಪಕ್ಕದವನಿಗೆ ಅಣ್ಣಯ್ಯನನ್ನು ಯಾಕೆ ಆಡಿಸಬಾರದಿತ್ತೆಂದು ವಿವರಿಸುತ್ತಿದ್ದೆ. ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಎಡ ಅಂಚಿನಲ್ಲಿ ಮುನಿಸ್ವಾಮಿಗೆ ಚೆಂಡು ಸಿಕ್ಕಿತು.

ಆ ಗೋಲಿಗೆ ನನ್ನಲ್ಲಿ ಮೂರು ವಿವರಗಳಿವೆ, ಮೂರನ್ನೂ ಕೊಡುತ್ತೇನೆ. ನಾನು ಕಂಡಂತೆ: ಅವನು ಮೂವರನ್ನು ದಾಟಿ, ಗೋಲಿನ ಮೂಲೆಯನ್ನು ಗುರಿಯಿಟ್ಟು ನೋಡಿ, ಒದ್ದ. ಖಾದರ್ ಸಾಬರು ಹೇಳುತ್ತಿದ್ದಂತೆ: ಒಬ್ಬನನ್ನು ದಾಟಿದ, ಮಿಕ್ಕಿದ್ದು ಅವರ ತೇಪೆಯ ಪ್ರಭಾವ, ಚೆಂಡು ತೇಪೆಯ ಕಡೆಗೆ ವಾಲಿಕೊಂಡಿತು. ಮುನಿಸ್ವಾಮಿ ಹೇಳಿದಂತೆ: "ಯಾರನ್ನೂ ದಾಟ್ಲಿಲ್ಲ ಕಣ್ರೀ, ಕಾಲು ಜಾರ್ತು. ಅಣ್ಣಯ್ಯನ ತಲೆಗೆ ಅಂತ ಎತ್ತಿದೆ. ಗಾಳಿ ಒಳಗೆ ಹಾಕ್ತು." ಯಾವುದು ನಿಜವೋ ಕಾಣೆ. ಚೆಂಡು ಮೇಲೆ ಹೋದದ್ದು, ಆಷಾಢದ ಗಾಳಿಯಲ್ಲಿ ಒಂದು ಗಳಿಗೆ ನಿಂತದ್ದು, ಅವರ ಗೋಲು ಕಾಯುವವನ ಬೆರಳಿನ ಮೇಲಿಂದ ಒಳಕ್ಕೆ ಇಳಿದದ್ದು, ಇಷ್ಟಕ್ಕೆ ಮಾತ್ರ ನಾನು ಆಣೆ ಇಡಬಲ್ಲೆ.

ಇನ್ನೊಂದಕ್ಕೂ ಇಡಬಲ್ಲೆ. ಚೆಂಡು ಒಳಗೆ ಬಿದ್ದೊಡನೆ ಎಲ್ಲರಿಗಿಂತ ಮೊದಲು ಕುರ್ಚಿಯಿಂದ ನೆಗೆದು, "ಮನ ಅಲ್ಲುಡೇ! ನಮ್ಮ ಅಳಿಯನೇ ಕಣ್ರಯ್ಯ!" ಎಂದು ಚಪ್ಪಾಳೆ ತಟ್ಟಿದವರು ಚಿನ್ನಪ್ಪರೆಡ್ಡಿ. ಆಮೇಲೆ ಜ್ಞಾಪಕ ಬಂದು, ಕೈಗಳೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕುಳಿತರು. ಆದರೆ ಮುಖ ನಗುತ್ತಲೇ ಇತ್ತು.

ಕಪ್ಪು ಮುಳಬಾಗಿಲಿಗೆ ಬಂತು. ಇದ್ದಿಲ ಬಸ್ಸು ಏರು ಬಂದಲ್ಲೆಲ್ಲ ನಿಂತಿತು, ಇಳಿದು ತಳ್ಳಿದೆವು, ತಳ್ಳುವಾಗಲೂ ಹಾಡಿದೆವು. ಕಪ್ಪು ಪಾಪಮ್ಮನ ಮಡಿಲಲ್ಲಿತ್ತು. ಊರಿನ ದ್ವಾರದ ಹತ್ತಿರ ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗಿದೆ: "ನಾನು ಹೇಳಿರಲಿಲ್ಲವಾ!"

ಏನು ಹೇಳಿದ್ದೆ ನಾನು?

ಈ ಹರಳೆಣ್ಣೆಯ ವಾಸನೆ ಕೇಳುತ್ತಿರುವುದು ಅದನ್ನೇ. ಖಾದರ್ ಸಾಬರು ದಿನ ಎಣಿಸಿದಾಗ ನಾನು ಹೇಳಿದ್ದು: "ಬಿಟ್ಟು ಹೋದವನು ಹೋದ. ಅವನು ಬಂದು ಗೆಲ್ಲಿಸೋ ಕಪ್ಪು ನಮಗೆ ಬೇಡ." ಹೋಟೆಲಿನಲ್ಲಿ ಹೇಳಿದ್ದು: "ಮಾವಿನಹಣ್ಣು ತಿಂದು ಅವನ ಕಾಲು ಮೆತ್ತಗಾಗಿದೆ." ಪಂದ್ಯದ ಹಿಂದಿನ ಮಧ್ಯಾಹ್ನ, ಸಮಿತಿಗೆ ಕೊಡಬೇಕಾದ ಹೆಸರುಗಳ ಪಟ್ಟಿಯನ್ನು ಕಾರ್ಯದರ್ಶಿಯಾದ ನಾನೇ ಬರೆದೆ. ಹತ್ತು ಹೆಸರು ಬರೆದು ನಿಲ್ಲಿಸಿದೆ. ಮರೆತದ್ದಲ್ಲ. ತಂಡದ ನಾಯಕರಾಗಿ ರುಜು ಹಾಕಬೇಕಾದ ಖಾದರ್ ಸಾಬರಿಗೆ ಕನ್ನಡ ಓದಲು ಬಾರದು. ನನ್ನ ಮೇಲಿನ ನಂಬಿಕೆಯಿಂದ, ಎಣಿಸಿಯೂ ನೋಡದೆ, ಕೆಳಗೆ ಉರ್ದುವಿನಲ್ಲಿ ರುಜು ಹಾಕಿ ಹೋದರು. ಪಟ್ಟಿ ಹಾಗೇ ಹೋಗಿದ್ದರೆ ಪಾಪಮ್ಮನ ಮುದ್ದೆ, ಅಧ್ಯಕ್ಷರ ಏಕಾದಶಿ, ಯಾವುದೂ ನಡೆಯುತ್ತಿರಲಿಲ್ಲ.

ಆಗ ಮುನಿಸ್ವಾಮಿ ಜಗಲಿಗೆ ಬಂದ. ಕೇಳದೆ ಗೂಟದಿಂದ ಚೆಂಡು ಇಳಿಸಿಕೊಂಡ, ತೊಡೆಯ ಮೇಲಿಟ್ಟು ಹರಳೆಣ್ಣೆ ತಿಕ್ಕತೊಡಗಿದ. ಅವನು ಊರಿಗೆ ಬಂದು ಮೂರು ವಾರವಾಗಿತ್ತು, ನಾನು ಮಾತಾಡಿಸಿರಲಿಲ್ಲ. ಅವನ ಕಣ್ಣು ಪಟ್ಟಿಯ ಮೇಲೆ ಬಿತ್ತು.

"ಹತ್ತೇ ಅವಲ್ಲ ಮೇಷ್ಟ್ರೇ. ಹನ್ನೊಂದ್ನೇದು ನೀವಾ?"

ನಾನು ಪಟ್ಟಿಯನ್ನು ಮಗುಚಿ ಹಾಕಿದೆ.

"ಮದ್ವೆಗೆ ಬರ್ಲಿಲ್ಲ ನೀವು" ಎಂದ, ಚೆಂಡಿನಿಂದ ಕಣ್ಣೆತ್ತದೆ. "ಊಟ ಚೆನ್ನಾಗಿತ್ತು. ನಿಮ್ಮೆಲೆ ನನ್ನ ಪಕ್ಕದಲ್ಲೇ ಹಾಕ್ಸಿದ್ದೆ."

ನಾನು ಲೇಖನಿ ತೆಗೆದುಕೊಂಡೆ. ಹನ್ನೊಂದನೆಯ ಹೆಸರು ಪಟ್ಟಿಯಲ್ಲಿ ಮಿಕ್ಕ ಹತ್ತಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದ್ದಕ್ಕೆ ಅದೂ ಕಾರಣವಿದ್ದೀತು.

"ಆಯ್ತು ಸ್ವಾಮಿ" ಎಂದು ಹೊಲಿಯುವಾತ ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟ. ಇಷ್ಟು ಹೊತ್ತೂ ನಾನು ಬಾಯಿಬಿಟ್ಟೇ ಹೇಳುತ್ತಿದ್ದೆನೋ ಏನೋ, ಆತ ಕೇಳಿದ: "ಕೊನೇಗೆ ಎಷ್ಟು ಗೋಲು?"

ನಾಲಿಗೆಯ ತುದಿಗೆ ಐದು–ಒಂದು ಬಂದಿತ್ತು. ಕಳೆದ ಹತ್ತು ವರ್ಷದಿಂದ ನಾನು ಹೇಳುತ್ತಿರುವುದು ಅಷ್ಟು.

"ಎರಡು–ಒಂದು" ಎಂದೆ. "ಎರಡರಲ್ಲೂ ನನ್ನ ಮಾತು ಸುಳ್ಳಾಯ್ತು ಕಣಪ್ಪ! ಮೈಲಿಗಲ್ಲು ಒಂದು ಹೊಡೀತು, ಬೇಡ ಅಂದಿದ್ದ ಅಳಿಯ ಒಂದು ಹೊಡೆದ. ಗೆದ್ದುಬಿಟ್ವಿ!"

ಆತ ನಕ್ಕು, ಡಬ್ಬಿಯಿಂದ ಇನ್ನೊಂದು ಬೆರಳು ಎಣ್ಣೆ ತೆಗೆದು, ಕೇಳದೆ ನನ್ನ ಎಡಗಾಲಿನ ಚಪ್ಪಲಿಗೂ ಸವರಿದ. ರಸ್ತೆಯಲ್ಲೊಂದು ಸಣ್ಣ ಕಲ್ಲು ಬಿದ್ದಿತ್ತು. ಚಪ್ಪಲಿ ಮೆಟ್ಟಿ ಅದನ್ನು ಒದ್ದೆ. ಈ ಸಲ ಚಪ್ಪಲಿ ಕಾಲಿನಲ್ಲೇ ಉಳಿಯಿತು, ಕಲ್ಲು ಹೋಯಿತು.