ಸುಮಿತ್ರಮ್ಮ ಆರಿಸಿದ ಕುರ್ಚಿಗಳು

ಸುಮಿತ್ರಮ್ಮನ ಕಣ್ಣೆಂದರೆ ಅಗ್ರಹಾರದ ಆ ಬೀದಿಯವರಿಗೆಲ್ಲ ಭಾರಿ ನಂಬಿಕೆ. ಸೀರೆ ಕೊಳ್ಳುವವರು, ಪಾತ್ರೆ ಕೊಳ್ಳುವವರು, ಹಿತ್ತಲಿಗೆ ಹಸು ತಂದು ಕಟ್ಟಬೇಕೆನ್ನುವವರು, ಎಲ್ಲರೂ "ಒಂದ್ಗಳಿಗೆ ಬನ್ನಿ ಸುಮಿತ್ರಮ್ಮಾರೇ, ನೋಡಿ ಹೇಳಿ" ಎಂದು ಕರೆಯುವವರೇ. ಅವಳು ಹೋಗುವಳು, ತಿರುಗಿಸಿ ಮುರುಗಿಸಿ ನೋಡುವಳು, ಹಿಡಿಸದಿದ್ದರೆ ಅಂಗಡಿಯವನ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದುಬಿಡುವಳು. ಇಷ್ಟು ಚುರುಕಾದ ಕಣ್ಣಿಗೆ ಕಟ್ಟಿಕೊಂಡ ಗಂಡನೊಬ್ಬ ಕಾಣಲಿಲ್ಲವಲ್ಲ ಎಂದು ಆಮೇಲೆ ಇದೇ ಜನ ನಕ್ಕರು. ನಗುವವರಿಗೇನು ಕಷ್ಟ! ಅವರವರ ಗಂಡಂದಿರನ್ನು ಅವರು ಎಷ್ಟು ಕಂಡಿದ್ದರೋ ನನಗಂತೂ ಗೊತ್ತಿಲ್ಲ.

ನಂಜನಗೂಡಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ಅವಳು. ಗಂಡ ಗುರುಸಿದ್ದಯ್ಯನದು ಕಂಬಳಿ ವ್ಯಾಪಾರ. ಬಾಡಿಗೆಗೆ ಇದ್ದದ್ದು ದೊಡ್ಡ ಅಧಿಕಾರಿಯಾಗಿದ್ದವರೊಬ್ಬರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಆ ಮನೆಯ ಪಡಸಾಲೆಯಲ್ಲಿ ಬೀಟೆ ಮರದ ಹಳೇ ಕುರ್ಚಿಗಳಿದ್ದವು. ಬೆನ್ನಿನ ತುಂಬ ಬಳ್ಳಿ, ಬಳ್ಳಿಯ ನಡುವೆ ಗಿಳಿ. ಹಬ್ಬ ಹತ್ತಿರ ಬಂತೆಂದರೆ ಸುಮಿತ್ರಮ್ಮ ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಗಿಳಿಯ ಕೊಕ್ಕಿನ ಸಂದಿಯ ಧೂಳನ್ನೂ ತೆಗೆದುಕೊಡುತ್ತಿದ್ದಳು. ಒರೆಸಿದ್ದೇ ಬಂತು, ಅವುಗಳ ಮೇಲೆ ಕೂತದ್ದಿಲ್ಲ. ಕೂತುಕೋ ಎಂದು ಆ ಮನೆಯವರು ಅನ್ನಲಿಲ್ಲ, ಅನ್ನಲಿ ಎಂದು ಇವಳೂ ಕಾಯಲಿಲ್ಲ. ನಮ್ಮದೇ ಮನೆ ಅಂತ ಒಂದಾದ ದಿನ ಇಂಥ ಕುರ್ಚಿ ಇರಬೇಕು, ಅದರಲ್ಲಿ ಕೂತು ನಾನೊಂದು ಲೋಟ ಕಾಫಿ ಕುಡಿಯಬೇಕು ಎಂದು ಗಂಡನಿಗೆ ಹೇಳಿಕೊಂಡಿದ್ದಳು. ಅವಳು ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಕಂಬಳಿ ವ್ಯಾಪಾರ ಕುದುರಿತು. ಯಾದವಗಿರಿಯಲ್ಲಿ ನಿವೇಶನ ಕೊಂಡು ಗೋಡೆ ಎಬ್ಬಿಸಿದ್ದೂ ಆಯಿತು. ಒಂದು ದಿನ ಗುರುಸಿದ್ದಯ್ಯ ತಾನಾಗಿಯೇ, "ಕುರ್ಚಿ ನೋಡೋಣ ನಡಿ. ನೀನೇ ಆರಿಸು. ನಂಗೆ ಅದೆಲ್ಲ ತಿಳಿಯಲ್ಲ" ಅಂದ. ಎರಡು ಹೆಣ್ಣುಮಕ್ಕಳ ತಾಯಿ ಸುಮಿತ್ರಮ್ಮ ಆ ದಿನ ಹೊಸ ಮದುವಣಗಿತ್ತಿಯ ಹಾಗೆ ಮುಡಿಗೆ ಮಲ್ಲಿಗೆ ಇಟ್ಟುಕೊಂಡು ಹೊರಟಳು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲ. ಹಳೇ ಅಧಿಕಾರಿಗಳ ಮಕ್ಕಳು ಮದ್ರಾಸು, ಬೊಂಬಾಯಿ ಎಂದು ಹೊರಟು ನಿಂತು, ಅಪ್ಪ ತಾತಂದಿರ ಸಾಮಾನನ್ನು ಬಂದ ಬೆಲೆಗೆ ಕೊಡುತ್ತಿದ್ದರು. ಅವೆಲ್ಲ ಬಂದು ಬೀಳುತ್ತಿದ್ದದ್ದು ಚನ್ನಬಸವಯ್ಯನ ಹಳೇ ಸಾಮಾನಿನ ಅಂಗಡಿಗೆ.

"ಇದು ಅರಮನೆ ಕಡೇದು ಕಣಮ್ಮ" ಎಂದು ಚನ್ನಬಸವಯ್ಯ ಪ್ರತಿಯೊಂದು ಕುರ್ಚಿಯನ್ನೂ ತಟ್ಟಿ ಹೇಳಿದ.

"ಅರಮನೇಲಿ ಇಷ್ಟೊಂದು ಕುರ್ಚಿ ಇದ್ದಿದ್ರೆ ಅಲ್ಲಿದ್ದೋರಿಗೆ ನಡೆಯೋಕೆ ಜಾಗ ಎಲ್ಲಿತ್ತು ಚನ್ನಬಸವಯ್ಯನೋರೇ?" ಎಂದಳು ಸುಮಿತ್ರಮ್ಮ. ಅಂಗಡಿಯವನೂ ನಕ್ಕ.

ಅವಳು ಒಂದೊಂದನ್ನೂ ಬೋರಲು ಹಾಕಿ ನೋಡಿದಳು. ಹಳೇ ಕುರ್ಚಿಯ ತಳಕ್ಕೆ ಯಾರೂ ಪಾಲಿಶ್ ಬಳಿಯುವುದಿಲ್ಲ. ತಳವೂ ಥಳಥಳ ಅನ್ನುತ್ತಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಲೆಕ್ಕ. ಕಾಲು ತಟ್ಟಿದಳು; ಒಂದರಿಂದ ಹಿಟ್ಟಿನಂಥ ಪುಡಿ ಉದುರಿತು, ಹುಳ ಹಿಡಿದದ್ದು, ಅದನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ಕೂತು ನೋಡುವುದು. ಸಿಂಹದ ಮುಖ ಕೆತ್ತಿದ ಕುರ್ಚಿ ಕಣ್ಣು ಕುಕ್ಕುವಂತಿತ್ತು, ಆದರೆ ಒರಗಿದರೆ ಸಿಂಹದ ಮೂಗು ಬೆನ್ನುಮೂಳೆಗೆ ಚುಚ್ಚುತ್ತಿತ್ತು. "ಬರೀ ಕಣ್ಣು ಒಪ್ಪಿದ್ರೆ ಸಾಲ್ದು, ಬೆನ್ನೂ ಒಪ್ಬೇಕು" ಎಂದು ಎದ್ದಳು.

ಕೊನೆಗೆ ಮನಸ್ಸು ನಿಂತದ್ದು ಜೋಡಿ ಹಂಸ ಕೆತ್ತಿದ ಆರು ಕುರ್ಚಿಗಳ ಮೇಲೆ. ಆಗ ಗುರುಸಿದ್ದಯ್ಯ ಬಾಯಿ ಹಾಕಿದ. "ಇವು ಎತ್ತರ ಆಯ್ತು. ಅದೇ ಹಂಸದ್ದು ಆ ಕಡೆ ತಗ್ಗಿನವೂ ಇದಾವಲ್ಲ, ಅವನ್ನ ನೋಡು."

ಗಂಡನೂ ಎತ್ತರದ ಆಳು, ಅವಳೂ ಎತ್ತರವೇ. ತಗ್ಗಿನದು ಯಾಕೆ? "ಅತ್ತೆ ಬಂದು ಇರ್ತಾರೆ ಅಂತಲಾ?" ಎಂದು ಕೇಳಿದಳು. ಹಳ್ಳಿಯಲ್ಲಿದ್ದ ಅತ್ತೆ ಕುಳ್ಳು. ಅವನು ಹೂಂ ಅಂದ. ಹೆತ್ತವಳ ಮೇಲೆ ಇವರಿಗೆ ಎಷ್ಟು ಅಕ್ಕರೆ ಎಂದುಕೊಂಡು ಆ ಪೆದ್ದಿ ಕಣ್ಣು ತುಂಬಿಕೊಂಡಳು. ತಗ್ಗಿನ ಆರರಲ್ಲಿ ಹಂಸದ ಕತ್ತು ಮುಕ್ಕಾಗಿದ್ದ ಒಂದನ್ನು ಬೇಡವೆಂದು ತೆಗೆಸಿ, ಬೇರೆ ಹಾಕಿಸಿ, ಜೋಡಿ ಸರಿಮಾಡಿಕೊಂಡಳು.

ಇಷ್ಟು ಹೊತ್ತೂ ರುಮಾಲು ಸುತ್ತಿದ ಹಿರಿಯನೊಬ್ಬ ಅಂಗಡಿಯ ಕಂಬಕ್ಕೊರಗಿ ಅವಳನ್ನೇ ನೋಡುತ್ತ ನಿಂತಿದ್ದ. "ನಮ್ಮ ಕಡೇವ್ರು" ಎಂದ ಗುರುಸಿದ್ದಯ್ಯ. ಆ ಹಿರಿಯ ಹತ್ತಿರ ಬಂದು, "ಸಂತೋಷವಾಗೇ ಆರಿಸಿದ್ರಾ ತಾಯಿ?" ಎಂದು ಕೇಳಿದ.

"ಸಂತೋಷವಾಗೇ ಅಣ್ಣ" ಎಂದು ಸುಮಿತ್ರಮ್ಮ ನಕ್ಕಳು. ಆತ ಕೈ ಮುಗಿದ. ಎಷ್ಟು ಮರ್ಯಾದೆಯ ಮನುಷ್ಯ ಎಂದು ಅವಳಿಗೆ ಅನ್ನಿಸಿತು.

ಗೃಹಪ್ರವೇಶವಾಯಿತು, ಕುರ್ಚಿ ಬರಲಿಲ್ಲ. ಬೆತ್ತ ಹೆಣೆಯುವುದಕ್ಕೆ ಕೊಟ್ಟಿದೆ ಎಂದ ಗಂಡ. ಇನ್ನೊಮ್ಮೆ ಕೇಳಿದರೆ ಪಾಲಿಶ್ ಎಂದ. ಬಂದ ನೆಂಟರು ಚಾಪೆಯ ಮೇಲೆ ಕೂತು ಉಂಡು ಹೋದರು. ಸುಮಿತ್ರಮ್ಮ ಪಡಸಾಲೆಯಲ್ಲಿ ಕುರ್ಚಿಗೆಂದು ಬಿಟ್ಟ ಜಾಗಕ್ಕೆ ಮಕ್ಕಳ ಚೀಲವನ್ನೂ ಇಡಗೊಡಲಿಲ್ಲ. ವ್ಯಾಪಾರದ ಮೇಲೆ ಊರೂರು ತಿರುಗುತ್ತೇನೆಂದು ಗಂಡ ವಾರಕ್ಕೆರಡು ರಾತ್ರಿ ಮನೆಗೆ ಬರುತ್ತಿರಲಿಲ್ಲ. ಪಾಪ, ಮನೆ ಕಟ್ಟಿದ ಹೊರೆ ಎಂದೇ ಅವಳು ತಿಳಿದಳು.

ಒಂದು ಬೆಳಿಗ್ಗೆ ಬೆತ್ತ ಹೆಣೆಯುವ ಮರಿಸ್ವಾಮಿ ಬೀದಿಯಲ್ಲಿ ಹೋಗುವುದು ಕಂಡು ಕೂಗಿ ಕರೆದಳು. "ಏನ್ರೀ ಮರಿಸ್ವಾಮಿ, ನಮ್ಮ ಕುರ್ಚಿ ಇನ್ನೂ ಆಗ್ಲಿಲ್ವಾ?"

"ಅದಾಗಿ ಎಷ್ಟು ಕಾಲ ಆಯ್ತು ತಾಯಿ! ನಾನೇ ಗಾಡೀಲಿ ಹೇರ್ಕೊಂಡು ಹೋಗಿ ಮೇಟಗಳ್ಳಿ ಮನೇಲಿ ಇಳಿಸಿ ಬಂದೆ. ಚಿಕ್ಕಮ್ಮಾವ್ರು ಕೂತು ನೋಡಿ ಸರಿಯಾಗದೆ ಅಂದ್ರಲ್ಲ."

"ಯಾವ ಚಿಕ್ಕಮ್ಮಾವ್ರು?"

ಮರಿಸ್ವಾಮಿ ತಲೆ ತಗ್ಗಿಸಿಕೊಂಡು ಮನೆಯ ಗುರುತು ಹೇಳಿ ಹೋದ.

ಸುಮಿತ್ರಮ್ಮ ಜಟಕಾ ಹಿಡಿದು ಮೇಟಗಳ್ಳಿಗೆ ಹೋದಳು. ದಾರಿಯುದ್ದಕ್ಕೂ, ಇದು ಬೇರೆ ಯಾರದೋ ಕುರ್ಚಿಯ ಮಾತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬಾಗಿಲು ತೆರೆದದ್ದು ವಯಸ್ಸಾದ ಹೆಂಗಸು, ಕೆಂಚಮ್ಮ. ಯಾರೆಂದು ತಿಳಿದದ್ದೇ ತಡ, ಆ ಮುದುಕಿ ಬಗ್ಗಿ ಸುಮಿತ್ರಮ್ಮನ ಕಾಲಿಗೇ ಕೈ ಹಾಕಿದಳು.

"ಬನ್ನಿ ತಾಯಿ, ಬನ್ನಿ. ಇರೀ ಎಂಡ್ತಿ ಒಪ್ದೆ ನಮ್ ಎಣ್ಣ ಕೊಡಾಕಿಲ್ಲ ಅಂತ ನಾನು ಕಡ್ಡಿ ಮುರ್ದಂಗೆ ಏಳ್ಬುಟ್ಟಿದ್ದೆ. ಅವಳೇ ಈ ಮನೆಗೆ ಕುರ್ಚಿ ಆರಿಸ್ಕೊಡ್ತಾಳೆ, ಬೇಕಾದ್ರೆ ಬಂದು ನೋಡಿ ಅಂದ್ರು ನಿಮ್ಮ ಯಜಮಾನ್ರು. ನಮ್ಮಣ್ಣ ಅಂಗಡಿಗೇ ಬಂದು ಕಣ್ಣಾರೆ ನೋಡ್ದ. ನಗ್ತಾ ನಗ್ತಾ ಆರಿಸಿದ್ರು ಕಣವ್ವ, ಎಂಥಾ ತಾಯಿ ಅವ್ರು ಅಂತ ಬಂದು ಅತ್ಬುಟ್ಟ."

ಆಗಿನ್ನೂ ಎರಡನೇ ಮದುವೆಗೆ ಕಾನೂನಿನ ಅಡ್ಡಿ ಬಂದಿರಲಿಲ್ಲ. ಅಡ್ಡಿಯೆಂದರೆ ಮೊದಲ ಹೆಂಡತಿಯ ಬಾಯಿಮಾತು, ಅದೂ ಹೆಣ್ಣಿನ ಕಡೆಯವರು ಮರ್ಯಾದೆ ಇದ್ದವರಾದರೆ. ಆ ಮಾತನ್ನು ಕೇಳುವ ಧೈರ್ಯ ಗುರುಸಿದ್ದಯ್ಯನಿಗಿರಲಿಲ್ಲ. ಕೇಳದೇ ಪಡೆಯುವ ದಾರಿ ಹುಡುಕಿದ್ದ, ಪುಣ್ಯಾತ್ಮ.

ಒಳಗೆ ಹಂಸದ ಕುರ್ಚಿಯಿಂದ ಒಬ್ಬ ಹುಡುಗಿ ಗಾಬರಿಯಿಂದ ಎದ್ದು ನಿಂತಳು. ಕೆಂಚಮ್ಮನ ಮಗಳು ಪ್ರೇಮಮ್ಮ. ಕುಳ್ಳಗಿದ್ದಳು. ಏಳುವ ಮೊದಲು ಅವಳ ಎರಡು ಪಾದವೂ ನೆಲಕ್ಕೆ ಸರಿಯಾಗಿ ಊರಿದ್ದನ್ನು ಸುಮಿತ್ರಮ್ಮ ನೋಡಿದಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡದ್ದಕ್ಕಿಂತಲೂ, ಇನ್ನೊಬ್ಬಳ ಕಾಲಿನ ಅಳತೆಗೆ ತನ್ನ ಕೈಯಿಂದಲೇ ಕುರ್ಚಿ ಆರಿಸುವಂತೆ ಮಾಡಿದ್ದು ಅವಳಿಗೆ ಸಹಿಸಲಾಗಲಿಲ್ಲ.

"ಕೂತ್ಕೊಳ್ಳಿ ಅಕ್ಕಾ" ಎಂದಳು ಹುಡುಗಿ.

"ಇಲ್ಲಮ್ಮ. ಕೆಂಚಮ್ಮನೋರೇ, ಆರಿಸಿದ್ದು ನಾನೇ. ಒಪ್ಪಿದ್ದು ನಾನಲ್ಲ. ನನ್ನ ಮನೆಗೆ ಅಂತ ಆರಿಸಿದೆ, ಅದಕ್ಕೇ ನಗ್ತಿದ್ದೆ."

ಪ್ರೇಮಮ್ಮನ ಕೊರಳಿಗೆ ತಾಳಿ ಬಿದ್ದಾಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ. ಹುಡುಗಿ ಅಳುವುದಕ್ಕೆ ಶುರುಮಾಡಿದಳು. ಅವಳನ್ನು ಬೈಯುವ ಮನಸ್ಸಾಗದೆ ಸುಮಿತ್ರಮ್ಮ ಕಾದಿದ್ದ ಜಟಕಾ ಹತ್ತಿ ಮನೆಗೆ ಬಂದಳು.

ಸಂಜೆ ಗುರುಸಿದ್ದಯ್ಯ ಎಲ್ಲ ಕೇಳಿಸಿಕೊಂಡ. ನಾಚಿಕೆಪಡುತ್ತಾನೆಂದು ಅವಳು ಕಾದಳು. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು, "ನಾನೇನು ಸುಳ್ಳು ಹೇಳಿದ್ದೀನಾ? ನೀನು ಆರಿಸಿದ್ದು ನಿಜ ತಾನೆ?" ಅಂದ. ಸಮಾಧಾನ ಮಾಡುವವನ ಹಾಗೆ, "ಅವಳಿಗೂ ಬಾಳ ಹಿಡಿಸ್ತು" ಎಂದೂ ಸೇರಿಸಿದ.

ಅವಳು ಮನೆ ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾಳೆ? ಅಡುಗೆ ಮಾಡಿದಳು, ಬಡಿಸಿದಳು. ಗಂಡ ತಂದು ಹಾಕಿದ ಸಾದಾ ಮರದ ಕುರ್ಚಿಗಳ ಮೇಲೆ ಮಕ್ಕಳು ಕೂತು ಓದಿಕೊಂಡರು. ಅಗ್ರಹಾರದಿಂದ ಯಾರಾದರೂ ಸೀರೆ ನೋಡಲು ಕರೆದರೆ, "ನಂಗೆ ಅದೆಲ್ಲ ತಿಳಿಯಲ್ಲ ಕಣ್ರೀ" ಎಂದು ಕಳಿಸಿಬಿಡುತ್ತಿದ್ದಳು.

ಮಾರನೇ ವರ್ಷ ಒಂದು ಮಧ್ಯಾಹ್ನ ಗುರುಸಿದ್ದಯ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಸುಮಿತ್ರಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು.

"ಚನ್ನಬಸವಯ್ಯನ ಅಂಗಡಿಗೆ ಒಂದು ಕೆತ್ತನೆ ತೊಟ್ಟಿಲು ಬಂದಿದೆಯಂತೆ" ಅಂದ. "ಹಳೇದು. ಹುಳ ಗಿಳ ಇದ್ರೆ ನಂಗೆ ಗೊತ್ತಾಗಲ್ಲ. ನೀನೊಂದ್ಸಲ ಬಂದು ನೋಡ್ಬುಡು."

ಅವಳ ಬೆರಳು ಅಕ್ಕಿಯ ಮೇಲೆ ಆಡುತ್ತಲೇ ಇತ್ತು.

"ನಾನು ಯಾಕೆ ಬರ್ಬೇಕು?" ಅಂದಳು. "ಅದನ್ನೂ ನಾನೇ ನಗ್ತಾ ನಗ್ತಾ ಆರಿಸ್ದೆ ಅಂತ ಹೇಳ್ಬುಡಿ. ನನ್ನನ್ನ ಕೇಳಿ ನೀವು ಹೇಳಿದ್ದು ಯಾವತ್ತು?"