ಸಾಕ್ ಬಿಡಪಾ, ನೀನ ಗೆದ್ದಿ

ಫಕ್ಕೀರಪ್ಪ ಕಾಕಾನ ಮೈಮೇಲಿದ್ದ ಗಾಯದ ಕಲೆಗಳಲ್ಲಿ ಒಂದೂ ಅವನ ಸ್ವಂತ ಜಗಳದ್ದಲ್ಲ. ಎಡಹುಬ್ಬು ಸೀಳಿದ್ದು ಯಾರೋ ಹೊಲದ ಬದುವಿಗಾಗಿ ಕುಡಗೋಲು ಎತ್ತಿದಾಗ. ಬಲಗಿವಿಯ ತುದಿ ಹೋದದ್ದು ಇಬ್ಬರು ಹಮಾಲರು ಚೀಲ ಎತ್ತುವ ಕೊಕ್ಕೆ ಹಿಡಿದು ಬಡಿದಾಡಿದಾಗ. ಮುಂದಿನ ಹಲ್ಲು ಒಂದು ಮದುವೆಯಲ್ಲಿ, ಬೀಗರಿಗೆ ಮೊದಲು ಬಡಿಸಲಿಲ್ಲವೆಂದು ಎದ್ದ ಗದ್ದಲದಲ್ಲಿ ಉದುರಿತ್ತು. “ನಂದು ಅಂತ ಒಂದ್ ಜಗಳಾನೂ ಇಲ್ಲಪಾ. ಎಲ್ಲಾ ಮಂದೀವು” ಎಂದು ಹಲ್ಲಿಲ್ಲದ ಸಂದಿನಿಂದ ಗಾಳಿ ಬಿಡುತ್ತ ನಗುತ್ತಿದ್ದ.

ಅವನ ಊರು ಗೊಟಗೋಡಿ ಹತ್ತಿರ. ಹರೆಯದಲ್ಲಿ ಶಿಗ್ಗಾವಿ ಕಡೆಯ ಗರಡಿಗಳಲ್ಲಿ ಕುಸ್ತಿ ಹಿಡಿದವನು. ಆಮೇಲೆ ಟ್ರ್ಯಾಕ್ಟರಿಗೆ ರಾಶಿ ಮಷಿನ್ ಕಟ್ಟಿಕೊಂಡು, ಗೋವಿನಜೋಳದ ತೆನೆಯಿಂದ ಕಾಳು ಬೇರೆ ಮಾಡಿಕೊಡುತ್ತ ಊರೂರು ತಿರುಗುತ್ತಿದ್ದ. ನಾನಾಗ ಸೈಕಲ್ಲಿನ ಮೇಲೆ ಖಾಲಿ ಚೀಲ ಹೇರಿಕೊಂಡು ಮಾರುತ್ತಿದ್ದೆ. ಎಲ್ಲಿ ಅವನ ಮಷಿನ್ನಿನ ಸಪ್ಪಳವೋ ಅಲ್ಲಿ ನನ್ನ ಗಿರಾಕಿ. ಈಗ ಸವಣೂರಿನಲ್ಲಿ ನನ್ನದೇ ಕಾಳಿನ ಅಂಗಡಿ ಇದೆ. ಅಂಗಡಿ ಹಾಕಿದ ದಿನದಿಂದ ಕಾಕಾ ನನ್ನನ್ನು “ಏನ್ಪಾ ಸಾವುಕಾರ” ಎಂದೇ ಕರೆದ. ಅದರಲ್ಲಿ ಅರ್ಧ ಮೆಚ್ಚಿಕೆ, ಅರ್ಧ ಕುಚೋದ್ಯ.

ಜಗಳ ಬಿಡಿಸುವುದರಲ್ಲಿ ಅವನದೊಂದು ಪದ್ಧತಿ ಇತ್ತು. ಗದ್ದಲ ಎದ್ದ ಕೂಡಲೇ ನುಗ್ಗುತ್ತಿರಲಿಲ್ಲ. ಎಲೆ ಅಡಿಕೆ ಮೆಲ್ಲುತ್ತ ನೋಡುತ್ತ ನಿಲ್ಲುತ್ತಿದ್ದ. “ಮದ್ಲ ಎರಡ್ ಏಟು ಬೀಳಲಿ. ಬೀಳದ ಬಿಡಿಸಿದ್ರ ಸಿಟ್ಟು ಹೊಟ್ಯಾಗ ಕುಂತು ಕೊಳೀತೈತಿ. ಮೂರನೇದಕ್ಕ ತಡಾ ಮಾಡಿದ್ರ ಹೆಣಾ ಬೀಳತೈತಿ” ಎನ್ನುತ್ತಿದ್ದ. ಎರಡು ಬಿದ್ದವೋ, ಗೆಲ್ಲುತ್ತಿರುವವನ ಹಿಂದೆ ಹೋಗಿ, ಎರಡೂ ತೋಳಿನಿಂದ ನಡು ಹಿಡಿದು, ಕಾಲು ನೆಲ ಬಿಡುವಂತೆ ಎತ್ತುತ್ತಿದ್ದ. ಎತ್ತಿ ಕಿವಿಯಲ್ಲಿ ಹೇಳುತ್ತಿದ್ದ: “ಸಾಕ್ ಬಿಡಪಾ, ನೀನ ಗೆದ್ದಿ.”

ಸೋಲುತ್ತಿರುವವನನ್ನು ಎಂದೂ ಹಿಡಿಯುತ್ತಿರಲಿಲ್ಲ. ಯಾಕೆಂದು ನಾನು ಕೇಳಿದ್ದಕ್ಕೆ, “ಅವನ ಕೈ ಹಿಡದ್ರ ಇನ್ನೊಬ್ಬಾಂವ ಪುಕ್ಕಟ ಹೊಡೀತಾನಲ್ಲೋ ಶಾಣ್ಯಾ” ಎಂದ.

ವ್ಯಾಪಾರ ಮಾಡುವ ಹುಡುಗರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಚೌಕಾಸಿಯಲ್ಲಿ ಮೊದಲು ಜಗ್ಗಾಡಬೇಕು, ಜಗ್ಗಾಡದೆ ಕೊಟ್ಟರೆ ಇಬ್ಬರಿಗೂ ಸಮಾಧಾನವಿಲ್ಲ. ಆದರೆ ಗೆದ್ದೆ ಅನ್ನಿಸಿದ ಗಳಿಗೆಗೆ ನಿಲ್ಲಬೇಕು. ಎದುರಿನವನ ಮೂಳೆಗೆ ಕೈ ಹಾಕಿದರೆ ಅವನು ಮತ್ತೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಒಮ್ಮೆ ಹಾನಗಲ್ ತಾಲೂಕಿನ ಆಡೂರ ಕಡೆ ಹೋರಿ ಹಬ್ಬಕ್ಕೆ ಹೋಗಿದ್ದೆವು. ಓಡುವ ಹೋರಿಯ ಕೊರಳಿನ ಕೊಬ್ಬರಿ ಸರ ಹರಿದದ್ದು ಯಾರು ಎಂಬುದಕ್ಕೆ ಎರಡು ಊರಿನ ಹುಡುಗರು ಬಡಿಗೆ ತೆಗೆದರು. ಒಬ್ಬನ ದವಡೆ ಮುರಿದು ಬಾಯಿ ಒಂದು ಕಡೆ ಜೋತುಬಿತ್ತು. ಇನ್ನೊಬ್ಬ ಕೆಳಗೆ ಬಿದ್ದವನ ಎದೆಯ ಮೇಲೆ ನಿಂತು ತುಳಿಯುತ್ತಿದ್ದ. ಕಾಕಾ ಅವನನ್ನು ಹಿಂದಿನಿಂದ ಎತ್ತಿದ್ದೇ ತಡ, ಎಲ್ಲಿಂದಲೋ ಬಂದ ಕಲ್ಲು ಕಾಕಾನ ತಲೆ ಒಡೆಯಿತು. ರಕ್ತ ಕಣ್ಣಿಗಿಳಿದರೂ ಹಿಡಿತ ಬಿಡಲಿಲ್ಲ. ಎರಡೂ ಕಡೆಯವರನ್ನು ಒಂದೇ ಟೆಂಪೋದಲ್ಲಿ ಹಾಕಿಕೊಂಡು ಹಾನಗಲ್ಲಿಗೆ ಬಂದೆವು. ಅಲ್ಲಿನ ಡಾಕ್ಟರ್ ಮೇಡಂ ಹಿಂದೆಯೂ ಅವನಿಗೆ ಹೊಲಿಗೆ ಹಾಕಿದವರು. ಸೂಜಿ ಹಿಡಿದೇ ಕೇಳಿದರು, “ಇವತ್ತ ಯಾರ ಜಗಳರಿ?”

“ಹೊಸಾವ್ರುರಿ ಮೇಡಂ. ಹೆಸರ ಕೇಳಾಕ ಪುರಸೊತ್ತ ಆಗ್ಲಿಲ್ಲ.”

ಮುಂದಿನ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಹಿರೇಕೆರೂರು ಕಡೆ ಹಸಿ ತೆನೆಗಳನ್ನೇ ತಾಡಪತ್ರಿ ಕೆಳಗೆ ಒಟ್ಟಿದ್ದರು. ತೆಗೆದರೆ ಹಸಿರು, ಕಪ್ಪು ಬೂಷ್ಟು. ಮಷಿನ್ ಬಾಯಿಗೆ ಹಾಕಿದರೆ ಹೊಗೆಯಂತೆ ಧೂಳು. ಕಾಕಾ ಬೆಳಿಗ್ಗೆ ರಾಶಿ ಮಾಡಿದರೆ ಸಂಜೆಗೆ ಚಳಿಜ್ವರ, ಒಣಕೆಮ್ಮು, ಎದೆಬಿಗಿತ. ಎರಡು ದಿನ ಮನೆಯಲ್ಲಿದ್ದರೆ ಇಳಿಯಿತು. ಮತ್ತೆ ರಾಶಿಗೆ ಹೋದರೆ ಮತ್ತೆ ಜ್ವರ. ಥಂಡಿ ಎಂದುಕೊಂಡು ಶುಂಠಿ ಕಷಾಯ ಕುಡಿದ. ಟ್ರ್ಯಾಕ್ಟರ್ ಹತ್ತಲೂ ಉಸಿರು ಸಾಲದಾದಾಗ ನಾನೇ ಹಾನಗಲ್ಲಿಗೆ ಎಳೆದೊಯ್ದೆ. ಮೇಡಂ ಹುಬ್ಬಳ್ಳಿಗೆ ಕಳಿಸಿ ಎದೆಯ ಸ್ಕ್ಯಾನ್ ಮಾಡಿಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬೂಷ್ಟು ನಿಮ್ಮನ್ನ ಹೊಡ್ಯಾಕತ್ತಿಲ್ಲ, ಫಕ್ಕೀರಪ್ಪನವರ. ನಿಮ್ಮ ಮೈಯಾಗಿನ ಕಾವಲಿನವ್ರ ನಿಮ್ಮ ಶ್ವಾಸಕೋಶ ಹೊಡ್ಯಾಕತ್ತಾರ.”

“ನಮ್ಮವ್ರರಿ?”

“ನಿಮ್ಮವ್ರ. ಬೂಷ್ಟಿನ ಧೂಳು ಒಳಗ ಹೋದ್ರ ಕಾವಲಿನ ಕೋಶಗಳು ಬಡಿಗಿ ಹಿಡದು ಏಳ್ತಾವು. ಏಳಬೇಕು, ಏಳದಿದ್ರ ಬೂಷ್ಟ ಒಳಗ ಬೆಳೀತೈತಿ. ಆದ್ರ ಅವನ್ನ ಹಿಂದಿಂದ ತಡದು ‘ಸಾಕ್’ ಅನ್ನೂ ಬ್ಯಾರೆ ಕೋಶನೂ ಇರ್ತಾವು. ನಿಯಂತ್ರಕ ಕೋಶ ಅಂತೇವಿ. ನಿಮ್ಮೊಳಗ ಅವು ಸೋತಾವು. ಅದಕ್ಕ ಹೊಡೆದಾಟ ನಿಲ್ಲವಲ್ದು. ಏಟು ಬಿದ್ದ ಜಾಗಾ ಮಾಯ್ದು ಮಾಯ್ದು ಚಕ್ಕಳ ಆಗೇತಿ. ಚಕ್ಕಳ ಉಸಿರಾಡೂದಿಲ್ಲ.”

ಕಾಕಾ ತನ್ನ ಎದೆ ನೋಡಿಕೊಂಡ. “ಅಂದ್ರ ಒಳಗ ನಾನ ಇಲ್ಲ ಅನ್ರಿ.”

ಮೇಡಂ ನಗಲಿಲ್ಲ. “ಇಲ್ಲರಿ. ಈ ಗುಳಿಗಿ ಹೊರಗಿಂದ ಬಂದು ಬಿಡಸ್ತಾವು. ಆರಾಮ ಆತಂತ ನೀವ ನಿಲ್ಲಿಸಬ್ಯಾಡ್ರಿ. ಇನ್ನೊಮ್ಮೆ ಬೂಷ್ಟಿನ ಧೂಳಿನಾಗ ಹೊಕ್ರಿ ಅಂದ್ರ ಮಾತ್ರ ನನ್ನ ಕೈಯಾಗೂ ಏನೂ ಉಳಿಯೂದಿಲ್ಲ.”

ಕಾಕಾ ಮಷಿನ್ ಮಾರಿದ. ನನ್ನ ಅಂಗಡಿಯ ಹೊರಗೆ ತಕ್ಕಡಿಯ ಹತ್ತಿರ ಕೂತ. ಗುಳಿಗೆ ತಪ್ಪಿಸಲಿಲ್ಲ. ಬೇಸಿಗೆ ಹೊತ್ತಿಗೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಚಹಾ ಕುಡಿದು ಬರುವಷ್ಟು ಚೇತರಿಸಿಕೊಂಡ. ನೀವೂ ನನ್ನ ಮಾತು ಕೇಳಿ: ಹಸಿ ಕಾಳು ಮುಚ್ಚಿಡಬೇಡಿ, ಹರವಿ ಒಣಗಿಸಿ. ಬೂಷ್ಟು ಹಿಡಿದಿದ್ದರೆ ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಅನ್ನಬೇಡಿ. ಆ ಧೂಳು ಟವೆಲ್ಲಿಗೆ ಬಗ್ಗುವುದಲ್ಲ.

ಹತ್ತಿಮತ್ತೂರಿನ ಈರಪ್ಪ, ಮಂಜಪ್ಪ ಅಣ್ಣತಮ್ಮಂದಿರು. ಮುಂದಿನ ಕೊಯ್ಲಿಗೆ ಅವರ ತಗಡಿನ ಶೆಡ್ಡಿನಲ್ಲಿ ಇಬ್ಬರದೂ ಸೇರಿದ ಗೋವಿನಜೋಳ ಇತ್ತು. ನೋಡಿ ದರ ಹೇಳಲು ಹೋದೆ. ಕಾಕಾನೂ ಬಂದ, ಶೆಡ್ಡಿನಿಂದ ದೂರ ಬೇವಿನ ಕಟ್ಟೆಯ ಮೇಲೆ ಕೂತ. ತಾಡಪತ್ರಿ ಎಳೆದರೆ ಅರ್ಧ ರಾಶಿ ಹಸಿರಾಗಿತ್ತು.

“ಹಸೀದ ಮುಚ್ಚಿದಿ” ಎಂದ ತಮ್ಮ ಮಂಜಪ್ಪ.

“ಮಳಿ ಬಂದಾಗ ನೀ ಎಲ್ಲಿದ್ದೆಲೇ? ಹೆಂಡ್ತಿ ತವರಮನ್ಯಾಗ ಹೋಳಿಗಿ ತಿನ್ನಾಕತ್ತಿದ್ದಿ” ಎಂದ ಅಣ್ಣ.

ಅಷ್ಟೇ ಮಾತು. ಮಂಜಪ್ಪ ಸಲಿಕೆ ಬೀಸಿದ. ಅಂಚು ಈರಪ್ಪನ ಹೆಗಲಿಗೆ ಕಚ್ಚಿ, ಅಂಗಿ ಸೀಳಿ, ಮಾಂಸ ಬೆಳ್ಳಗೆ ಕಂಡು ಆಮೇಲೆ ಕೆಂಪಾಯಿತು. ಅವನು ರಾಶಿಯ ಮೇಲೆ ಅಂಗಾತ ಬಿದ್ದ. ಎರಡನೆಯದು ಮೊಣಕಾಲಿಗೆ ಬಿತ್ತು. ಕಟ್ಟಿಗೆ ಮುರಿದಂಥ ಸದ್ದು. ರಾಶಿ ಜಾರಿ ಶೆಡ್ಡೆಲ್ಲ ಹಸಿರು ಧೂಳು. “ಬಿಡಲೇ, ಬಿಡು” ಎಂದು ನಾನು ಬಾಗಿಲಲ್ಲಿ ಕೂಗುತ್ತಿದ್ದೆ. ಪಕ್ಕದಲ್ಲಿ ಯಾರೋ ಉಸಿರೆಳೆದಂತಾಯಿತು. ಕಾಕಾ ನಿಂತಿದ್ದ.

ನಾನು ಅವನ ರಟ್ಟೆ ಹಿಡಿದೆ. “ಕಾಕಾ, ಬ್ಯಾಡ. ಒಳಗ ಹೋದ್ರ ಸಾಯ್ತಿ.”

“ಹೋಗ್ದಿದ್ರ ಅಂವಾ ಸಾಯ್ತಾನಲ್ಲೋ.” ಕೈ ಕೊಡವಿದ.

ಸಲಿಕೆ ಈರಪ್ಪನ ತಲೆಯ ನೇರಕ್ಕೆ ಎದ್ದಿತ್ತು. ಕಾಕಾ ಹಿಂದಿನಿಂದ ಮಂಜಪ್ಪನ ನಡು ಹಿಡಿದ. ಎತ್ತಲಾಗಲಿಲ್ಲ, ಇಬ್ಬರೂ ರಾಶಿಯ ಮೇಲೆ ಉರುಳಿದರು. ಮಂಜಪ್ಪ ಮೊಣಕೈಯಿಂದ ಅವನ ಪಕ್ಕೆಗೆ ಗುದ್ದುತ್ತಲೇ ಇದ್ದ. ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕೆಮ್ಮಿನ ನಡುನಡುವೆ ಆ ಮಾತು ಮಾತ್ರ ಕೇಳಿಸಿತು: “ಸಾಕ್... ಬಿಡಪಾ... ನೀನ ಗೆದ್ದಿ.” ಸಲಿಕೆ ಬಿದ್ದ ಸದ್ದಾಯಿತು.

ಅಂದು ಸಂಜೆಗೇ ಜ್ವರ ಬಂತು. ಮೇಡಂ ಬೈಯಲಿಲ್ಲ, ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಹುಬ್ಬಳ್ಳಿಗೆ ಒಯ್ದೆವು. ನಾನು ಕೊನೆಯ ಸಲ ನೋಡಿದಾಗ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು, ಒಂದೊಂದು ಉಸಿರಿಗೂ ಪಕ್ಕೆಲುಬು ಎದ್ದು ಬೀಳುತ್ತಿದ್ದವು. ಹೊರಗಿನ ಬೆಂಚಿನ ಮೇಲೆ ಅಣ್ಣತಮ್ಮಂದಿರು ಕೂತಿದ್ದರು. ಈರಪ್ಪನ ಕಾಲಿಗೆ ಪ್ಲಾಸ್ಟರ್, ಅವನ ಊಟದ ಡಬ್ಬಿ ಮಂಜಪ್ಪನ ತೊಡೆಯ ಮೇಲೆ.

“ಇಬ್ಬರೂ ಬಂದಾರ, ಕಾಕಾ. ಒಳಗ ಕರೀಲೇನು?”

ಮಾಸ್ಕ್ ಸರಿಸಿದ. “ಕೂಡೇ ಬ್ಯಾಡೋ, ಸಾವುಕಾರ. ಒಬ್ಬೊಬ್ಬನ್ನ ಕಳಸು. ಎದ್ದು ಬಿಡಸಾಕ ಈಗ ನನಗ ಆಗೂದಿಲ್ಲ.”

ಒಬ್ಬೊಬ್ಬರಾಗಿ ಹೋಗಿ ಬಂದರು. ಮರುದಿನ ಕಾಕಾ ಇರಲಿಲ್ಲ.

ಮೊನ್ನೆ ನನ್ನ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಇಬ್ಬರು ಡ್ರೈವರುಗಳು ಕೈ ಕೈ ಮಿಲಾಯಿಸಿದರು. ಒಬ್ಬ ಇನ್ನೊಬ್ಬನನ್ನು ಕೆಡವಿ, ಎದೆಯ ಮೇಲೆ ಕೂತು, ಮುಖಕ್ಕೆ ಎರಡು ಗುದ್ದಿದ. ಮುಷ್ಟಿ ಎತ್ತಿ ಅಲ್ಲೇ ನಿಲ್ಲಿಸಿದ. ಹಿಂದೊಮ್ಮೆ ಜಗಳದಲ್ಲಿ ಕಾಕಾನ ಕೈಗೆ ಸಿಕ್ಕಿದ್ದವನೇ ಅವನು. ನಡು ಬಿಗಿಹಿಡಿದು, ಹಿಂದಿನಿಂದ ಆ ತೋಳು ಬರಲೆಂದು ಕಾಯುತ್ತಿದ್ದುದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಕೆಳಗೆ ಬಿದ್ದವನೂ ರಕ್ತ ಇಳಿದ ಕಣ್ಣಿನಿಂದ ಅವನ ಹೆಗಲಾಚೆ ನೋಡಿದ. ನಾವೆಲ್ಲ ತಕ್ಕಡಿಯ ಪಕ್ಕದ ಖಾಲಿ ಜಾಗ ನೋಡಿದೆವು.

ಹಿಂದಿನಿಂದ ಯಾರೂ ಬರಲಿಲ್ಲ. ಮೂರನೆಯದು ಬಿತ್ತು.