ಕಲ್ಲಮ್ಮನ ಮಗಳ ಪ್ಲೇಟು

ಫೋಟೋ ಪ್ಲೇಟಿನ ಗಾಜು ಕೈಜಾರಿ ಒಡೆಯಬಹುದಿತ್ತು. ಥಂಡಿ ಹಿಡಿದು ಅದರ ಮೇಲಿನ ಪದರ ಎದ್ದುಬರಬಹುದಿತ್ತು. ಆ ಪದರದಲ್ಲಿ ಸರೇಸಿನ ಅಂಟು ಇರುವುದರಿಂದ ಜಿರಲೆಗಳು ದೊಡ್ಡ ಮನುಷ್ಯರ ಮುಖಗಳನ್ನೇ ಮೆದ್ದುಬಿಡಬಹುದಿತ್ತು. ಅರಕಲಗೂಡಿನ ಮದುಮಗ ಚನ್ನರಾಯಪಟ್ಟಣದ ಮದುಮಗಳ ಲಕೋಟೆ ಸೇರಬಹುದಿತ್ತು. ಬೀರು ನನ್ನ ಮೇಲೆಯೇ ಬೀಳಬಹುದಿತ್ತು. ಹಾಸನದ ಒಂದು ವಾಚನಾಲಯದಲ್ಲಿ ಗುಮಾಸ್ತನಾಗಿದ್ದ ನಾನು ಇವಿಷ್ಟನ್ನೂ ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೊಮ್ಮೆ, ನೆನೆದು ಹೆದರುತ್ತಿದ್ದೆ. ದೆವ್ವ ಪವಾಡಗಳಿಗೆ ಮಾತ್ರ ಎಂದೂ ಹೆದರಿದವನಲ್ಲ. ನಂಬಿದರೆ ತಾನೆ ಹೆದರುವುದು? ಇರುವ ಚಿಂತೆಗಳಿಗೇ ನನ್ನಲ್ಲಿ ಜಾಗ ಸಾಲದು.

ಯುದ್ಧದ ಕಾಲ. ಹೊಳೆನರಸೀಪುರದ ಫೋಟೋಗ್ರಾಫರೊಬ್ಬರು ತೀರಿಕೊಂಡಿದ್ದರು. ಕ್ಯಾಮೆರಾ ಹೇರಿಕೊಂಡು ಊರೂರು ತಿರುಗಿ ಅವರು ತೆಗೆದಿದ್ದ ಗಾಜಿನ ಪ್ಲೇಟುಗಳೆಲ್ಲ ನಮ್ಮ ವಾಚನಾಲಯಕ್ಕೆ ದಾನವಾಗಿ ಬಂದವು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು, ಕಂಡದ್ದನ್ನೂ ಲಕೋಟೆಯ ಮೇಲಿನ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಯುವುದು, ಹೊಸ ಕಾಗದ ಸುತ್ತಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸುವುದು ನನ್ನ ಕೆಲಸ. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು: ಕೂದಲು ಬಿಳಿ, ಮುಖ ಕಪ್ಪು, ತೆರೆದ ಕಣ್ಣಿನ ಪಾಪೆ ಬಿಳಿಯ ಚುಕ್ಕೆ. ಕಣ್ಣು ಮುಚ್ಚಿದವರಿಗೆ ಆ ಚುಕ್ಕೆ ಇರುವುದಿಲ್ಲ. ಇದರಲ್ಲಿ ತಪ್ಪು ಮಾಡಲು ಕುರುಡನೇ ಆಗಬೇಕು.

ಕಣ್ಣು ಮುಚ್ಚಿದ ಫೋಟೋವನ್ನು ನಮ್ಮ ಕಡೆ ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಹೆಣದ ಪಟದಂತೆ ಕಾಣುತ್ತದೆಂದು ಬಿಟ್ಟುಹೋಗುತ್ತಿದ್ದರು. ಹಾಗೆ ಬೇಡವಾದ ಪ್ಲೇಟುಗಳು ನಲವತ್ತು ಸಿಕ್ಕವು. ಪೇಟೆಯಲ್ಲಿ ಗಾಜೇ ಸಿಗದ ದಿನಗಳು. ನಮ್ಮ ಕಿಟಕಿಗಳೋ ಹಲ್ಲು ಬಿದ್ದ ಬಾಯಿ. ಆ ನಲವತ್ತನ್ನೂ ಸೋಡಾ ಹಾಕಿದ ಬಿಸಿನೀರಿನಲ್ಲಿ ಚಿತ್ರ ಅಳಿಯುವಂತೆ ತೊಳೆದು ಕಿಟಕಿಗೆ ಕೂರಿಸಬೇಕೆಂದು ವಾಚನಾಲಯದ ಕಾರ್ಯದರ್ಶಿಗಳ ಅಪ್ಪಣೆಯಾಯಿತು. ನಾನು ಎಂದಿನಂತೆ ತಲೆಯಾಡಿಸಿ ಪಟ್ಟಿ ಮಾಡಿಕೊಟ್ಟೆ.

ತೊಳೆಯಬೇಕಾದ ದಿನ ಮಧ್ಯಾಹ್ನ ದುದ್ದದಿಂದ ಕಲ್ಲಮ್ಮ ಎಂಬ ರೈತ ಹೆಂಗಸು ಬಂದರು. "ನನ್ ಮಗಳ್ದು ಒಂದ್ ಪಟ ಐತಂತೆ ನಿಮ್ತಾವ. ಅವತ್ತು ಬ್ಯಾಡ ಅಂತ ಬುಟ್ಬುಟ್ಟೊ ಸಾ, ಕಣ್ ಮುಚ್ಕಂಡಿದ್ಲು." ಆ ಮಗಳು ಮೊದಲ ಹೆರಿಗೆಯಲ್ಲೇ ತೀರಿಹೋಗಿದ್ದಳು. ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. "ಮೊಗ ಮರ್ತೋಗ್ತಾ ಐತೆ ಸಾ. ಕಣ್ ಮುಚ್ಚಿದ್ರೂ ಸರಿ, ಕೊಡಿ."

ರಿಜಿಸ್ಟರ್ ತೆರೆದೆ. ನನ್ನದೇ ಅಕ್ಷರ: '೨೧೭. ದುದ್ದದ ಕಲ್ಲಮ್ಮನವರ ಮಗಳು. ಕುರ್ಚಿಯ ಮೇಲೆ ಬಲಗೈ. ಕಣ್ಣು ಮುಚ್ಚಿದೆ.' ಪ್ಲೇಟು ತೆಗೆದು ಬೆಳಕಿಗೆ ಹಿಡಿದೆ. ಎರಡು ಬಿಳಿಯ ಚುಕ್ಕೆಗಳು ನೇರ ನನ್ನನ್ನೇ ನೋಡುತ್ತಿದ್ದವು.

ಕಲ್ಲಮ್ಮನಿಗೆ ಆ ತಿರುವುಮುರುವು ತಿಳಿಯಲಿಲ್ಲ. "ಇದೇನ್ ಸಾ, ಮಸಿ ಬಳ್ದಂಗೈತೆ" ಎಂದರು. ನನ್ನ ಕರಿ ಕೋಟಿನ ತೋಳನ್ನು ಗಾಜಿನ ಹಿಂದೆ ಹಿಡಿದು ಸ್ವಲ್ಪ ಓರೆ ಮಾಡಿದೆ. ಹಾಗೆ ಹಿಡಿದರೆ ಮುಖ ಮಸುಕಾಗಿಯಾದರೂ ಸರಿಯಾಗಿ ಕಾಣುತ್ತದೆ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ, ಮಲಗಿದ್ದ ಮಗು ಎದ್ದಿದೆ ಎನ್ನುವಷ್ಟು ಸಲೀಸಾಗಿ, "ಅವತ್ತು ಬಿಸ್ಲಿತ್ತು, ಮುಚ್ಕಂಡ್ಲು. ಈಗ ಕಣ್ ಬುಟ್ಟವ್ಳೆ ಸಾ" ಎಂದರು.

ಕಾರ್ಯದರ್ಶಿಗಳು ನಕ್ಕರು. "ಫೋಟೋಗ್ರಾಫರು ಚಾಕುವಿನಲ್ಲಿ ಕೆರೆದು ಕಣ್ಣು ಮೂಡಿಸಿರ್ತಾರೆ ಕಣಯ್ಯ." ಭೂತಗನ್ನಡಿ ಹಿಡಿದು ನೋಡಿದೆ, ಒಂದು ಗೀರೂ ಇರಲಿಲ್ಲ. ಬೇರೆ ಯಾರೂ ಮುಟ್ಟಿರುವಂತಿರಲಿಲ್ಲ: ಪ್ಲೇಟುಗಳಿದ್ದ ಬೀರುವಿನ ಕೀಲಿ ನನ್ನ ಜನಿವಾರದಲ್ಲಿತ್ತು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. "ಹಾಗಾದ್ರೆ ನೀನೇ ಸರಿಯಾಗಿ ನೋಡಿಲ್ಲ. ಆ ಸಾಲು ಹೊಡೆದುಹಾಕಿ ರುಜು ಮಾಡು. ಮಿಕ್ಕ ಮೂವತ್ತೊಂಬತ್ತು ಈಗಲೇ ನೀರಿಗೆ ಹಾಕು" ಎಂದರು.

ಆಗುವುದಿಲ್ಲ ಎಂದೆ. ಬಾಳಿನಲ್ಲಿ ಮೊದಲ ಸಲ. ದನಿ ನನ್ನದೇ ಎಂದು ನಂಬುವುದು ಆ ಕಣ್ಣುಗಳನ್ನು ನಂಬುವುದಕ್ಕಿಂತ ಕಷ್ಟವಾಯಿತು.

"ನಾನು ನೋಡಿದ್ದು ತಪ್ಪಾದರೆ ಮಿಕ್ಕವನ್ನೂ ತಪ್ಪಾಗಿ ನೋಡಿರಬಹುದು, ತೊಳೆಯೋ ಹಾಗಿಲ್ಲ. ತಪ್ಪಲ್ಲದೆ ಇದ್ದರೆ, ಅವರೂ ಯಾವತ್ತೋ ಕಣ್ಣು ಬಿಡಬಹುದು. ಆಗಲೂ ತೊಳೆಯೋ ಹಾಗಿಲ್ಲ."

"ಕೆಲಸ ಹೋದೀತು ನೋಡು."

ಆ ಚಿಂತೆ ನನಗೆ ಬಾಯಿಪಾಠ. ನೀರು ಕಾಯಿಸಲು ತಂದಿದ್ದ ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತೆ. ಕಲ್ಲಮ್ಮ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಎಲೆಅಡಿಕೆ ಬಿಚ್ಚಿದರು. ಸಂಜೆಯವರೆಗೂ ನಾವಿಬ್ಬರೂ ಏಳಲಿಲ್ಲ.

ಕೆಲಸ ಹೋಗಲಿಲ್ಲ. ಕಿಟಕಿಗಳಿಗೆ ರಟ್ಟು ಬಡಿದೆವು. ಕಲ್ಲಮ್ಮನಿಗೆ ಪಟ ಮಾಡಿಸಿ ಕೊಟ್ಟೆ. ಮಿಕ್ಕ ಮೂವತ್ತೊಂಬತ್ತನ್ನು ವರ್ಷಕ್ಕೊಮ್ಮೆ ತೆಗೆದು ನೋಡುತ್ತೇನೆ. ಇನ್ನೂ ಯಾರೂ ಕಣ್ಣು ಬಿಟ್ಟಿಲ್ಲ. ಅಂದು ಆದದ್ದೇನು ಎಂದು ಕೇಳಿದರೆ ನನಗೆ ತಿಳಿಯದು. ತಿಳಿದವರಂತೆ ಮಾತಾಡುವವರನ್ನು ಕಂಡರೆ ರೇಗುತ್ತದೆ.

ಇಡೀ ರಿಜಿಸ್ಟರಿನಲ್ಲಿ ತಪ್ಪಾಗಿರುವುದು ಎರಡೇ ಪದ: ಕಣ್ಣು ಮುಚ್ಚಿದೆ. ಆಮೇಲೆ ಬಂದ ಕಾರ್ಯದರ್ಶಿಗಳೆಲ್ಲ ಕೆಂಪು ಪೆನ್ಸಿಲಿನಲ್ಲಿ ಅದರ ಕೆಳಗೆ ಗೆರೆ ಎಳೆದಿದ್ದಾರೆ. ನಾನು ತಿದ್ದಿಲ್ಲ.